ಚಳಿಗಾಲಕ್ಕೆ ಮನೆಯ ಸಿದ್ಧತೆ: ಉತ್ತರ ಅಮೆರಿಕದಲ್ಲಿ ಬಿಸಿಯ ವ್ಯವಸ್ಥೆ ಮತ್ತು ಒಳಗಿನ ಗಾಳಿ

ಅಮೆರಿಕದ ಉತ್ತರ ರಾಜ್ಯಗಳಲ್ಲೂ ಕೆನಡಾದಲ್ಲೂ ಅಕ್ಟೋಬರ್ ಬಂತೆಂದರೆ ಮನೆಗಳ ಕಿಟಕಿ ಮುಚ್ಚುತ್ತವೆ. ಮತ್ತೆ ಧಾರಾಳವಾಗಿ ತೆರೆಯುವುದು ಏಪ್ರಿಲ್ ಕಳೆದ ಮೇಲೆಯೇ. ಅಲ್ಲಿಯವರೆಗೆ ಮನೆಯನ್ನು ಬೆಚ್ಚಗಿಡುವ ಹೊಣೆ ಹೆಚ್ಚಿನ ಕಡೆ ಬೇಸ್‌ಮೆಂಟಿನಲ್ಲಿರುವ ಫರ್ನೇಸಿನದು. ಅದು ಕಾಯಿಸುವುದು ಮನೆಯವರು ಉಸಿರಾಡುವ ಗಾಳಿಯನ್ನೇ. ಹಾಗಾಗಿ ಫರ್ನೇಸಿನಲ್ಲಿ ಆದ ಲೋಪ ಗಾಳಿಗೆ ತಟ್ಟುತ್ತದೆ. ಗಾಳಿಗೆಂದು ಮಾಡಿದ ಏರ್ಪಾಟು ಫರ್ನೇಸಿನ ಕೆಲಸವನ್ನು ಕೆಡಿಸಲೂಬಹುದು. ಚಳಿಗಾಲದ ಸಿದ್ಧತೆಯಲ್ಲಿ ಈ ಎರಡನ್ನೂ ಒಟ್ಟಿಗೆ ನೋಡಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಅಲ್ಲಿನ ಜನ ತಮ್ಮ ಸಮಯದಲ್ಲಿ ಶೇ. 90ರಷ್ಟನ್ನು ಚಾವಣಿಯ ಕೆಳಗೇ ಕಳೆಯುತ್ತಾರೆ. ಹಿಮ ಬೀಳುವ ತಿಂಗಳುಗಳಲ್ಲಿ ಮಕ್ಕಳು, ಬಾಣಂತಿಯರು, ವಯಸ್ಸಾದವರ ಪಾಲಿಗೆ ಅದು ಇನ್ನೂ ಹೆಚ್ಚು.

ಕರ್ನಾಟಕದಿಂದ ಹೋದವರಿಗೆ ಇದು ಹೊಸ ಬದುಕು. ಬೆಳಕಿಂಡಿ, ಜಾಲಂಧ್ರ, ತೊಟ್ಟಿ, ಹಂಚಿನ ಸಂದು ಹೀಗೆ ಗಾಳಿಯಾಡಲೆಂದೇ ಕಟ್ಟಿದ ಮನೆಗಳಲ್ಲಿ ಬೆಳೆದವರು ಅವರು. ಡಿಸೆಂಬರಿನಲ್ಲಿ ಬೀದರ್ ಆಗಲಿ ಮಡಿಕೇರಿಯಾಗಲಿ ಎಷ್ಟೇ ಕೊರೆದರೂ ಕಂಬಳಿ, ಬೆಳಗಿನ ಬಿಸಿಲು, ಹಂಡೆ ಒಲೆಯ ಕಾವಿನಲ್ಲಿ ದಿನ ಕಳೆಯುತ್ತದೆ. ಟೊರಾಂಟೊ, ಷಿಕಾಗೊ, ಮಿನಿಯಾಪೊಲಿಸ್‌ನಂಥ ಊರುಗಳಲ್ಲಿ ಮನೆ ಕೊಂಡ ಕುಟುಂಬ ಮೊದಲ ವರ್ಷವೇ ಕಲಿತುಕೊಳ್ಳಬೇಕಾದ ವಿದ್ಯೆಗಳಲ್ಲಿ ಇದೂ ಒಂದು.

ಹಿನ್ನೆಲೆ

ಬಿಸಿಯನ್ನು ಒಳಗೆ ಉಳಿಸಿಕೊಂಡು ಹೊಗೆಯನ್ನು ಹೊರಗಟ್ಟುವುದು ಚಳಿನಾಡುಗಳ ಹಳೆಯ ಸಮಸ್ಯೆ. ರೋಮನ್ನರು ಸ್ನಾನಗೃಹಗಳ ನೆಲದಡಿಯಲ್ಲಿ ಬಿಸಿ ಹೊಗೆ ಹಾಯಿಸಿದರು. ಕೊರಿಯಾದ ಒಂಡೊಲ್ ಅಡುಗೆ ಒಲೆಯ ಹೊಗೆಯನ್ನೇ ಕೋಣೆಯ ಕಲ್ಲುಹಾಸಿನ ಕೆಳಗೆ ನಡೆಸಿ ಹೊರಗೆ ಬಿಡುತ್ತಿತ್ತು. ಕಾಶ್ಮೀರದ ಹಮಾಮ್ ಕೋಣೆಗಳಲ್ಲಿ ಇಂದಿಗೂ ಕಲ್ಲುನೆಲದ ಕೆಳಗೆ ಸೌದೆ ಉರಿಯುತ್ತದೆ. ಯುರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರ ತೆರೆದ ಬೆಂಕಿಗೂಡಿನಲ್ಲಿ ಕಾವಿನ ಬಹುಪಾಲು ಚಿಮಣಿಯ ಪಾಲಾಗುತ್ತಿತ್ತು. 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕಬ್ಬಿಣದ ಒಲೆಯೊಂದನ್ನು ರೂಪಿಸಿದ್ದು ಈ ನಷ್ಟ ತಡೆಯಲೆಂದೇ.

ಮನೆಗೆಲ್ಲ ಒಂದೇ ಒಲೆ ಎಂಬ ಕಲ್ಪನೆ ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಐಯೊವಾ ರಾಜ್ಯದ ಮಾರ್ಷಲ್‌ಟೌನಿನಲ್ಲಿ ಡೇವ್ ಲೆನಾಕ್ಸ್ 1895ರಲ್ಲಿ ಉಕ್ಕಿನ ತಗಡಿಗೆ ರಿವೆಟ್ ಹೊಡೆದು ಮಾಡಿದ ಕಲ್ಲಿದ್ದಲಿನ ಫರ್ನೇಸುಗಳನ್ನು ತಯಾರಿಸತೊಡಗಿದರು. ನ್ಯೂಜೆರ್ಸಿಯ ಮಾರಿಸ್‌ಟೌನಿನ ಆಫ್ರಿಕನ್ ಅಮೆರಿಕನ್ ಮಹಿಳೆ ಆಲಿಸ್ ಪಾರ್ಕರ್ 1919ರಲ್ಲಿ ಗ್ಯಾಸಿನಿಂದ ಉರಿದು ಬೇರೆ ಬೇರೆ ಕೋಣೆಗಳಿಗೆ ಬಿಸಿಗಾಳಿ ಕಳಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಥರ್ಮೋಸ್ಟಾಟಿನ ಹುಟ್ಟು ಒಂದು ಶಾಲೆಯಲ್ಲಿ. ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಪಾಠ ಮಾಡುತ್ತಿದ್ದ ವಾರೆನ್ ಜಾನ್ಸನ್, ಜವಾನ ಒಂದೊಂದೇ ತರಗತಿಗೆ ಬಂದು ತಾಪಮಾನ ನೋಡಿಕೊಂಡು ನೆಲಮಾಳಿಗೆಗೆ ಓಡುವುದನ್ನು ತಪ್ಪಿಸಲು ವಿದ್ಯುತ್ ಸಾಧನವೊಂದನ್ನು ಮಾಡಿ 1883ರಲ್ಲಿ ಪೇಟೆಂಟ್ ಪಡೆದರು.

ಫರ್ನೇಸ್ ಹೊತ್ತಿಕೊಳ್ಳುವ ಬಗೆ

ಇಂದು ಅಮೆರಿಕದ ಸುಮಾರು ಅರ್ಧದಷ್ಟು ಮನೆಗಳು ಬಿಸಿಗಾಗಿ ನೆಚ್ಚಿರುವುದು ನೈಸರ್ಗಿಕ ಅನಿಲವನ್ನು. ಫರ್ನೇಸಿನ ಮುಂದಿನ ತಗಡಿನಲ್ಲಿ ಪುಟ್ಟ ಗಾಜಿನ ಕಿಂಡಿ ಇದ್ದರೆ ಅದು ಹೊತ್ತಿಕೊಳ್ಳುವುದನ್ನು ಒಮ್ಮೆ ನಿಂತು ನೋಡಬೇಕು. ಥರ್ಮೋಸ್ಟಾಟ್ ಸಂದೇಶ ಕೊಟ್ಟೊಡನೆ ಜ್ವಾಲೆ ಏಳುವುದಿಲ್ಲ. ಮೊದಲು ಇಂಡ್ಯೂಸರ್ ಎಂಬ ಚಿಕ್ಕ ಫ್ಯಾನು ಗುಂಯ್ ಎಂದು ತಿರುಗಿ, ಒಳಗೆ ಉಳಿದಿರಬಹುದಾದ ಅನಿಲವನ್ನು ಹೊಗೆಗೊಳವೆಯ ಮೂಲಕ ಹೊರಗೆ ತಳ್ಳುತ್ತದೆ. ಕೊಳವೆಯ ದಾರಿ ಸಲೀಸಾಗಿದೆಯೇ ಎಂದು ಪ್ರೆಷರ್ ಸ್ವಿಚ್ ಪರೀಕ್ಷಿಸುತ್ತದೆ. ಅದು ಒಪ್ಪಿದ ಮೇಲೆ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆದುಕೊಳ್ಳುತ್ತದೆ, ಬರ್ನರುಗಳ ಮೇಲೆ ನೀಲಿ ಜ್ವಾಲೆ ಸಾಲಾಗಿ ಹಬ್ಬುತ್ತದೆ. ಆ ಜ್ವಾಲೆಯಲ್ಲಿ ಮುಳುಗಿರುವ ತೆಳ್ಳನೆಯ ಕಡ್ಡಿಯೇ ಫ್ಲೇಮ್ ಸೆನ್ಸರ್. ಜ್ವಾಲೆಯ ಮೂಲಕ ಹರಿಯುವ, ಮೈಕ್ರೊಆಂಪಿಯರ್‌ಗಳಲ್ಲಿ ಅಳೆಯುವಷ್ಟು ಅಲ್ಪವಾದ ವಿದ್ಯುತ್ತನ್ನು ಹಿಡಿದು ಅದು ಬೆಂಕಿ ಹೊತ್ತಿರುವುದನ್ನು ಖಚಿತಪಡಿಸುತ್ತದೆ. ಖಚಿತವಾಗದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಅನಿಲ ತಾನಾಗಿ ನಿಲ್ಲುತ್ತದೆ. ಎಲ್ಲ ಸರಿಯಿದ್ದರೆ ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆದು ದೊಡ್ಡ ಬ್ಲೋವರ್ ಶುರುವಾಗಿ ಡಕ್ಟುಗಳೆಂಬ ಗಾಳಿಕೊಳವೆಗಳಲ್ಲಿ ಬಿಸಿಗಾಳಿ ಹೊರಡುತ್ತದೆ.

ಈ ಯಂತ್ರದ ಹೃದಯ ಶಾಖ ವಿನಿಮಯಕ. ಲೋಹದ ತೆಳು ಗೋಡೆಯ ಒಂದು ಬದಿಯಲ್ಲಿ ಉರಿಯ ಹೊಗೆ, ಇನ್ನೊಂದು ಬದಿಯಲ್ಲಿ ಮನೆಯ ಗಾಳಿ. ಕಾವು ಮಾತ್ರ ಗೋಡೆ ದಾಟಬೇಕು. ವರ್ಷಗಟ್ಟಲೆ ಕಾದು ತಣಿದು, ಹಿಗ್ಗಿ ಕುಗ್ಗಿ ಅದರಲ್ಲಿ ಬಿರುಕು ಬಿಟ್ಟರೆ ಹೊಗೆ ಮನೆಯ ಗಾಳಿಗೆ ಬೆರೆಯುವ ಅಪಾಯವಿದೆ. ಹಳೆಯ ಮಾದರಿಯ ಫರ್ನೇಸುಗಳು ಅನಿಲದ ಶಾಖದಲ್ಲಿ ಶೇ. 80ರಷ್ಟನ್ನು ಮನೆಗೆ ಕೊಟ್ಟು ಉಳಿದದ್ದನ್ನು ಲೋಹದ ಚಿಮಣಿಗೆ ಬಿಡುತ್ತವೆ. ಹೊಸವು ಹೊಗೆಯಲ್ಲಿರುವ ನೀರಾವಿಯನ್ನೂ ತಣಿಸಿ ಅದರ ಕಾವನ್ನು ಹೀರಿಕೊಂಡು ಶೇ. 90ರಿಂದ 98ರವರೆಗೆ ದಕ್ಕಿಸುತ್ತವೆ. ಇವುಗಳ ಹೊಗೆ ಎಷ್ಟು ತಣ್ಣಗಿರುತ್ತದೆಂದರೆ ಪ್ಲಾಸ್ಟಿಕ್ ಕೊಳವೆಯಲ್ಲೇ ಪಕ್ಕದ ಗೋಡೆಯಿಂದ ಹೊರಗೆ ಹೋಗುತ್ತದೆ. ತಣಿದ ನೀರು ಸಣ್ಣ ಪೈಪಿನಲ್ಲಿ ಮೋರಿಗೆ ಹರಿಯುತ್ತದೆ. ಈ ಪೈಪು ಕಟ್ಟಿಕೊಂಡರೆ ಫರ್ನೇಸ್ ನಿಂತುಹೋಗುತ್ತದೆ.

ಚಳಿಗೆ ಮುಂಚಿನ ತಪಾಸಣೆ

ಸೆಪ್ಟೆಂಬರ್ ತಿಂಗಳೇ ಇದಕ್ಕೆ ಸರಿಯಾದ ಕಾಲ. ಮೊದಲ ಗಡಸು ಚಳಿ ಬಿದ್ದ ದಿನ ಊರಿನ ಕೆಟ್ಟ ಫರ್ನೇಸುಗಳೆಲ್ಲ ಒಮ್ಮೆಗೇ ಬಯಲಾಗುತ್ತವೆ, ರಿಪೇರಿಯವರು ಕೈಗೆ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ತಂತ್ರಜ್ಞರನ್ನು ಕರೆಸುವ ಖರ್ಚನ್ನು ಉಳಿಸಲು ಹೋಗಬಾರದು. ಅವರು ಬರ್ನರುಗಳನ್ನು ಶುಚಿ ಮಾಡಿ, ಫ್ಲೇಮ್ ಸೆನ್ಸರಿಗೆ ಹತ್ತಿದ ಲೇಪವನ್ನು ನಯವಾಗಿ ಉಜ್ಜಿ ತೆಗೆದು, ಶಾಖ ವಿನಿಮಯಕದಲ್ಲಿ ಬಿರುಕುಂಟೇ ಎಂದು ನೋಡಿ, ಅನಿಲದ ಒತ್ತಡವನ್ನೂ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನ ಪ್ರಮಾಣವನ್ನೂ ಅಳೆಯುತ್ತಾರೆ. ಫರ್ನೇಸ್ ಹೊತ್ತಿಕೊಂಡು ಐದಾರು ಸೆಕೆಂಡಿಗೇ ಆರಿ, ಮತ್ತೆ ಹೊತ್ತಿ ಮತ್ತೆ ಆರುತ್ತಿದ್ದರೆ ಬಹಳ ಸಲ ಕಾರಣ ಆ ಸೆನ್ಸರ್ ಕಡ್ಡಿಯ ಮೇಲಿನ ಕಣ್ಣಿಗೂ ಕಾಣದ ತೆಳು ಪದರ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿ ಓಲಾಡುತ್ತಿದ್ದರೆ ಉರಿ ಅರೆಬರೆಯಾಗುತ್ತಿದೆ ಎಂದರ್ಥ. ಆಗ ಯಂತ್ರವನ್ನು ನಿಲ್ಲಿಸಿ ತಂತ್ರಜ್ಞರನ್ನು ಕರೆಯಬೇಕು.

ವರ್ಷದಲ್ಲಿ ಮೊದಲ ಸಲ ಹಚ್ಚಿದಾಗ ಸುಟ್ಟ ವಾಸನೆ ಬರುವುದು ಸಹಜ. ಬೇಸಗೆಯಲ್ಲಿ ಕೂತ ದೂಳು ಸುಡುವ ವಾಸನೆ ಅದು, ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಹೊರಗಿನಿಂದಲೇ ಗ್ಯಾಸ್ ಕಂಪನಿಗೆ ಫೋನ್ ಮಾಡಬೇಕು. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಗಂಧಕದ ಸಂಯುಕ್ತವೊಂದನ್ನು ಬೆರೆಸಿರುತ್ತಾರೆ.

ಮನೆಯವರೇ ಮಾಡಬೇಕಾದ ಮುಖ್ಯ ಕೆಲಸ ಫಿಲ್ಟರ್ ಬದಲಿಸುವುದು. ಒಂದು ಅಂಗುಲ ದಪ್ಪದ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ನಾಯಿ ಬೆಕ್ಕು ಇರುವ ಮನೆಗಳಲ್ಲಿ ಇನ್ನೂ ಬೇಗ. ಚೌಕಟ್ಟಿನ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೆ, ಅಂದರೆ ಫರ್ನೇಸಿನ ಕಡೆಗೆ ಇರಬೇಕು. ದೂಳು, ಕಂಬಳಿಯ ನೂಲು, ಕೂದಲು ಸೇರಿ ಬೂದುಬಣ್ಣದ ಕಂಬಳಿಯಂತಾದ ಫಿಲ್ಟರ್ ಗಾಳಿಯನ್ನು ತಡೆಯುತ್ತದೆ. ಸಾಕಷ್ಟು ಗಾಳಿ ಹರಿಯದೆ ಶಾಖ ವಿನಿಮಯಕ ಅತಿಯಾಗಿ ಕಾಯುತ್ತದೆ, ಬಿರುಕಿಗೆ ಅದೂ ಒಂದು ಕಾರಣ. ಫಿಲ್ಟರಿನ ಸಾಮರ್ಥ್ಯಕ್ಕೆ ಅಲ್ಲಿ ಮೆರ್ವ್ ಎಂಬ ಅಳತೆಯಿದೆ. ಮೆರ್ವ್ 13ರ ಫಿಲ್ಟರ್ 0.3ರಿಂದ 1 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಅರ್ಧವನ್ನು ಹಿಡಿಯುತ್ತದೆ. ಹೊಗೆಯ ಸಣ್ಣ ಕಣಗಳೂ ವೈರಾಣು ಹೊತ್ತ ತುಂತುರು ಕಣಗಳೂ ಈ ಗಾತ್ರದವೇ ಆದ್ದರಿಂದ ಕೋವಿಡ್ ಕಾಲದಲ್ಲಿ ಇದಕ್ಕೆ ಬೇಡಿಕೆ ಏರಿತು. ಆದರೆ ಫಿಲ್ಟರ್ ಒತ್ತಾದಷ್ಟೂ ಬ್ಲೋವರಿಗೆ ಭಾರ. ಹಳೆಯ ಫರ್ನೇಸ್ ಅದನ್ನು ತಾಳುತ್ತದೆಯೇ ಎಂದು ಕೇಳಿಕೊಂಡೇ ಕೊಳ್ಳಬೇಕು. ತಾಳದಿದ್ದರೆ 2020ರಲ್ಲಿ ರಿಚರ್ಡ್ ಕಾರ್ಸಿ, ಜಿಮ್ ರೋಸೆಂಥಾಲ್ ಎಂಬಿಬ್ಬರ ಹೆಸರಿನಲ್ಲಿ ಬಳಕೆಗೆ ಬಂದ ಉಪಾಯವಿದೆ: ಚೌಕದ ಫ್ಯಾನೊಂದಕ್ಕೆ ಮೆರ್ವ್ 13ರ ಫಿಲ್ಟರುಗಳನ್ನು ಡಬ್ಬದಂತೆ ಜೋಡಿಸಿ ಟೇಪ್ ಸುತ್ತಿದರೆ ಕಡಿಮೆ ಖರ್ಚಿನ ಏರ್ ಪ್ಯೂರಿಫೈಯರ್ ಸಿದ್ಧವಾಗುತ್ತದೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಸೋಫಾ, ಮಂಚ, ಕಾರ್ಪೆಟ್ಟುಗಳು ನೆಲದಲ್ಲಿ ಬಿಸಿಗಾಳಿ ಹೊರಬರುವ ವೆಂಟುಗಳನ್ನು ಮುಚ್ಚಿರಬಾರದು. ಬಳಸದ ಕೋಣೆಗಳ ವೆಂಟ್ ಮುಚ್ಚಿದರೆ ಉಳಿತಾಯವೆಂದು ಹಲವರು ನಂಬಿದ್ದಾರೆ. ಅದರಿಂದ ಡಕ್ಟಿನಲ್ಲಿ ಒತ್ತಡ ಹೆಚ್ಚಿ ಗಾಳಿ ಸಂದುಗಳಿಂದ ಸೋರುತ್ತದೆ, ಲಾಭವಿಲ್ಲ. ರಾತ್ರಿ ಮಲಗುವಾಗಲೋ ಕೆಲಸಕ್ಕೆ ಹೊರಟಾಗಲೋ ಥರ್ಮೋಸ್ಟಾಟನ್ನು ಎಂಟು ಗಂಟೆ ಕಾಲ ನಾಲ್ಕರಿಂದ ಆರು ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ವರ್ಷದ ಖರ್ಚಿನಲ್ಲಿ ಶೇ. 10ರವರೆಗೂ ಉಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ವಯಸ್ಸಾದ ತಂದೆತಾಯಿ ಊರಿನಿಂದ ಬಂದಿರುವಾಗ, ಹಸುಗೂಸು ಮನೆಯಲ್ಲಿರುವಾಗ ಈ ಉಳಿತಾಯಕ್ಕೆ ಕೈಹಾಕದಿರುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ 18 ಡಿಗ್ರಿ ಸೆಲ್ಸಿಯಸನ್ನು ಕನಿಷ್ಠ ಮಟ್ಟವೆಂದು ಸೂಚಿಸಿ, ಇಂಥವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು ಎಂದಿದೆ.

ಕಾರ್ಬನ್ ಮಾನಾಕ್ಸೈಡ್

ಈ ಲೇಖನದಲ್ಲಿ ಓದುಗರು ನೆನಪಿಟ್ಟುಕೊಳ್ಳಲೇಬೇಕಾದ ಭಾಗ ಇದು. ಇಂಧನ ಯಾವುದೇ ಇರಲಿ, ಸಾಕಷ್ಟು ಆಮ್ಲಜನಕವಿಲ್ಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುವುದರಿಂದ ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ಸಿಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಹೀಗೆ ಲಕ್ಷಣಗಳೆಲ್ಲ ಫ್ಲೂ ಜ್ವರದಂತೆಯೇ ಇದ್ದು ಮೈ ಮಾತ್ರ ಬಿಸಿಯಿರುವುದಿಲ್ಲ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಇದನ್ನೇ ಶಂಕಿಸಬೇಕು. ಮಲಗಿದವರಿಗೆ ಈ ಸೂಚನೆಯೂ ಸಿಗುವುದಿಲ್ಲ. ಬೆಂಕಿ ಅನಾಹುತಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಮಂದಿ ಆಕಸ್ಮಿಕವಾಗಿ ಈ ಅನಿಲ ಸೇವಿಸಿ ಸಾಯುತ್ತಾರೆ.

2008ರ ಡಿಸೆಂಬರಿನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ವುಡ್‌ಸ್ಟಾಕ್ ಪಟ್ಟಣದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು, ಅವರ ಪತಿ ಮತ್ತು ಇಬ್ಬರು ಮಕ್ಕಳು ತಮ್ಮ ಮನೆಯಲ್ಲೇ ಈ ವಿಷಾನಿಲಕ್ಕೆ ಬಲಿಯಾದರು. ಗ್ಯಾಸ್ ಬೆಂಕಿಗೂಡಿನ ಹೊಗೆಗೊಳವೆ ಕಟ್ಟಿಕೊಂಡಿತ್ತು. ಬಂಧುಗಳು ವರ್ಷಗಟ್ಟಲೆ ಪಟ್ಟುಹಿಡಿದು ನಡೆಸಿದ ಪ್ರಯತ್ನದಿಂದ 2013ರಲ್ಲಿ ಪ್ರಾಂತ್ಯದ ಶಾಸನಸಭೆ ಕಾನೂನೊಂದನ್ನು ಅಂಗೀಕರಿಸಿತು. ಇಂಧನ ಉರಿಸುವ ಉಪಕರಣವಿರುವ ಮನೆಗಳಲ್ಲಿ ಮಲಗುವ ಜಾಗದ ಬಳಿ ಅಲಾರ್ಮ್ ಇರುವುದು ಅಲ್ಲಿ ಈಗ ಕಡ್ಡಾಯ.

ಅಲಾರ್ಮನ್ನು ಪ್ರತಿ ಅಂತಸ್ತಿನಲ್ಲಿ, ಮಲಗುವ ಕೋಣೆಗಳ ಹೊರಗೆ ಇಡಬೇಕು. ಅಮೆರಿಕದ ಮಾನದಂಡದಂತೆ ಗಾಳಿಯಲ್ಲಿ ಈ ಅನಿಲ 70 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 70) ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷದೊಳಗೆ ಅದು ಕೂಗಬೇಕು. ಬ್ಯಾಟರಿ ಸರಿಯಿದ್ದರೂ ಒಳಗಿನ ಸೆನ್ಸರಿಗೆ ಆಯುಷ್ಯವಿದೆ: ಐದರಿಂದ ಹತ್ತು ವರ್ಷ. ಹಿಂಬದಿಯಲ್ಲಿ ಅಚ್ಚಾದ ದಿನಾಂಕ ನೋಡಿ ಅವಧಿ ಮುಗಿದಿದ್ದರೆ ಹೊಸದನ್ನು ತರಬೇಕು. ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನವೇ ಅಲಾರ್ಮುಗಳನ್ನೂ ಪರೀಕ್ಷಿಸಿ ಎಂದು ಅಗ್ನಿಶಾಮಕ ಇಲಾಖೆಗಳು ಪ್ರತಿ ವರ್ಷ ನೆನಪಿಸುತ್ತವೆ. ಅಲಾರ್ಮ್ ಕೂಗಿದರೆ ಕಾರಣ ಹುಡುಕುತ್ತ ನಿಲ್ಲದೆ ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಬೇಕು.

ಹಿಮ ಬಿದ್ದಾಗ ಪಕ್ಕದ ಗೋಡೆಯ ಪ್ಲಾಸ್ಟಿಕ್ ಕೊಳವೆಗಳ ಬಾಯಿ ಮುಚ್ಚಿಹೋಗಬಹುದು. ಹಾದಿಯ ಹಿಮ ಎತ್ತುವಾಗಲೇ ಅವುಗಳ ಸುತ್ತಲೂ ಬಿಡಿಸಿಕೊಳ್ಳಬೇಕು. ವಿದ್ಯುತ್ ಹೋದಾಗ ಇದ್ದಿಲಿನ ಗ್ರಿಲ್ಲನ್ನು ಒಳಗೆ ತರುವುದು, ಗ್ಯಾರೇಜಿನಲ್ಲಿ ಜನರೇಟರನ್ನೋ ಕಾರನ್ನೋ ಓಡಿಸುವುದು ಸಾವನ್ನು ಕರೆದಂತೆ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ರಾಜ್ಯದ ವಿದ್ಯುತ್ ಜಾಲ ಚಳಿಗೆ ಕುಸಿದಾಗ ಹೀಗೆ ಬೆಚ್ಚಗಾಗಲು ಹೋಗಿ ಹಲವರು ಪ್ರಾಣ ಕಳೆದುಕೊಂಡರು. ಇದು ದೂರದ ಸಂಗತಿಯೂ ಅಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಹಾಕಿಸಿದ ಗ್ಯಾಸ್ ಗೀಸರಿನಿಂದ ಬೆಂಗಳೂರಿನಲ್ಲಿ ಸಂಭವಿಸುವ ಸಾವುಗಳಿಗೂ ಉತ್ತರ ಭಾರತದಲ್ಲಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರ ಸಾವುಗಳಿಗೂ ಕಾರಣ ಇದೇ ಅನಿಲ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿದರೆ ಆ ಸಾವುಗಳನ್ನು ತಡೆಯಬಹುದು.

ಒಣಗಾಳಿ ಮತ್ತು ತೇವ

ಚಳಿಗಾಲದಲ್ಲಿ ಕೈ ಒಡೆಯುವುದು, ಮೂಗಿನಿಂದ ರಕ್ತ ಬರುವುದು, ಬಾಗಿಲ ಹಿಡಿ ಮುಟ್ಟಿದರೆ ಚುರ್ ಎಂದು ಶಾಕ್ ಹೊಡೆಯುವುದು ಎಲ್ಲಕ್ಕೂ ಮೂಲ ಒಂದು ಸರಳ ಲೆಕ್ಕ. ಮೈನಸ್ 10 ಡಿಗ್ರಿಯ ಗಾಳಿ ಪೂರ್ತಿ ತೇವದಿಂದ ತುಂಬಿದ್ದರೂ ಒಂದು ಘನ ಮೀಟರಿನಲ್ಲಿ ಎರಡು ಗ್ರಾಂಗಿಂತ ಸ್ವಲ್ಪವೇ ಹೆಚ್ಚು ನೀರಾವಿ ಹಿಡಿಯಬಲ್ಲದು. ಅದೇ ಗಾಳಿಯನ್ನು 21 ಡಿಗ್ರಿಗೆ ಕಾಯಿಸಿದರೆ ಅದು 18 ಗ್ರಾಂನಷ್ಟು ಹಿಡಿಯಲು ಶಕ್ತವಾಗುತ್ತದೆ, ಇರುವುದು ಮಾತ್ರ ಅದೇ ಎರಡು ಗ್ರಾಂ. ಸಾಪೇಕ್ಷ ಆರ್ದ್ರತೆ ಶೇ. 12ರ ಆಸುಪಾಸಿಗೆ ಕುಸಿಯುತ್ತದೆ. ಮರುಭೂಮಿಯ ಹಗಲಿನಷ್ಟು ಒಣಗಿದ ಈ ಗಾಳಿ ಚರ್ಮದಿಂದ, ಗಂಟಲಿನಿಂದ, ಮರದ ಸಾಮಾನುಗಳಿಂದ ನೀರು ಹೀರುತ್ತದೆ. ಊರಿನಿಂದ ಜೋಪಾನವಾಗಿ ತಂದ ಹಲಸಿನ ಮರದ ವೀಣೆ, ಮೃದಂಗಗಳಿಗೆ ಇದು ಕಷ್ಟಕಾಲ. ಅವುಗಳನ್ನು ವೆಂಟಿನಿಂದ ದೂರ, ಪೆಟ್ಟಿಗೆಯೊಳಗೆ ಇಡಬೇಕು. ಫ್ಲೂ ಚಳಿಗಾಲದಲ್ಲೇ ಏಕೆ ಹರಡುತ್ತದೆಂಬ ಪ್ರಶ್ನೆಗೂ ಇದರಲ್ಲಿ ಉತ್ತರದ ಒಂದು ಪಾಲು ಇದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಶಾಲೆಯ ಸಂಶೋಧಕರು ಗಿನಿಪಿಗ್‌ಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಂಪಾದ, ಒಣಗಿದ ಗಾಳಿಯಲ್ಲಿ ವೈರಾಣು ಸುಲಭವಾಗಿ ಹರಡುವುದು ಕಂಡುಬಂತು.

ಒಳಗಿನ ಆರ್ದ್ರತೆ ಶೇ. 30ರಿಂದ 50ರ ನಡುವೆ ಇರಬೇಕೆಂಬುದು ಸಾಮಾನ್ಯ ಸಲಹೆ. ಇದನ್ನು ಅಳೆಯುವ ಪುಟ್ಟ ಮೀಟರು ಅಗ್ಗವಾಗಿ ಸಿಗುತ್ತದೆ. ಅದಿಲ್ಲದೆ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಓಡಿಸಬಾರದು. ಹಲವು ಮನೆಗಳಲ್ಲಿ ಡಕ್ಟಿಗೇ ಹ್ಯೂಮಿಡಿಫೈಯರ್ ಜೋಡಿಸಿರುತ್ತಾರೆ. ಒದ್ದೆ ಜಾಲರಿಯೊಂದರ ಮೂಲಕ ಬಿಸಿಗಾಳಿ ಹಾದು ತೇವ ಹೊತ್ತೊಯ್ಯುತ್ತದೆ. ಸುಣ್ಣಗಟ್ಟಿದ ಆ ಜಾಲರಿಯನ್ನು ಪ್ರತಿ ವರ್ಷ ಬದಲಿಸಿ, ನೀರಿನ ನಲ್ಲಿ ತಿರುಗಿಸಿ, ಬೇಸಗೆಗೆಂದು ಮುಚ್ಚಿದ್ದ ಡ್ಯಾಂಪರನ್ನು, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಗಡನ್ನು, ಚಳಿಗಾಲದ ಗುರುತಿಗೆ ತರಬೇಕು. ಈ ಡ್ಯಾಂಪರನ್ನು ಮರೆತು ಚಳಿಗಾಲವಿಡೀ ಹ್ಯೂಮಿಡಿಫೈಯರ್ ಕೆಟ್ಟಿದೆ ಎಂದುಕೊಂಡವರು ಬಹಳ. ಕೋಣೆಯಲ್ಲಿಡುವ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರಿಗೆ ನಲ್ಲಿ ನೀರು ಹಾಕಿದರೆ ಅದರ ಲವಣಗಳೂ ಗಾಳಿಗೆ ಸೇರಿ ಮೇಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತವೆ. ಇದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವುದೇ ಸರಿ. ತೊಟ್ಟಿಯನ್ನು ದಿನಾ ಬರಿದುಮಾಡಿ ತೊಳೆಯದಿದ್ದರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ತೇವ ಹೆಚ್ಚಾದರೂ ತೊಂದರೆಯೇ. ಬೆಳಿಗ್ಗೆ ಕಿಟಕಿಯ ಗಾಜಿನ ಕೆಳಗೆ ನೀರು ನಿಂತಿದ್ದರೆ ಗೋಡೆಯೊಳಗೂ ಹಾಗೇ ಆಗುತ್ತಿರಬಹುದು, ಅಲ್ಲಿಂದ ಬೂಷ್ಟು ಶುರುವಾಗುತ್ತದೆ. ಹೊರಗೆ ಚಳಿ ಹೆಚ್ಚಿದಂತೆ ಒಳಗಿನ ಆರ್ದ್ರತೆಯನ್ನು ಇಳಿಸುತ್ತ ಹೋಗಬೇಕು. ಮೈನಸ್ 30ರ ವಿನಿಪೆಗ್‌ನಲ್ಲಿ ಶೇ. 40 ಇಟ್ಟರೆ ಕಿಟಕಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ.

ಸಂದುಗಳು, ಹೊಸ ಗಾಳಿ

ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಬೀಳುತ್ತದೆ. ಅದರ ಜಾಗ ತುಂಬಲು ಕೆಳಗಿನ ಬಿರುಕುಗಳಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಗಾಳಿ ಬೀಸುವ ದಿನ ಊದುಬತ್ತಿಯೊಂದನ್ನು ಹಚ್ಚಿ ಕಿಟಕಿ ಚೌಕಟ್ಟು, ಸ್ವಿಚ್‌ಬೋರ್ಡು, ಅಟ್ಟದ ಮುಚ್ಚಳ, ಪೈಪು ಗೋಡೆ ತೂರುವ ಜಾಗಗಳ ಬಳಿ ಹಿಡಿದರೆ ಹೊಗೆ ಬಾಗಿದ ಕಡೆ ಸಂದು ಇದೆಯೆಂದು ಗೊತ್ತಾಗುತ್ತದೆ. ಅಂಥ ಕಡೆ ಕಾಲ್ಕ್ ಎಂಬ ಅಂಟು ತುಂಬಿ, ಬಾಗಿಲಿಗೆ ರಬ್ಬರಿನ ಪಟ್ಟಿ ಅಂಟಿಸುವುದು ವಾರಾಂತ್ಯದ ಒಂದು ದಿನದ ಕೆಲಸ. ಹೆಚ್ಚಿನ ಲಾಭ ಸಿಗುವುದು ಅಟ್ಟದಲ್ಲಿ.

ಆದರೆ ಮನೆಯನ್ನು ಬಿಗಿಮಾಡಿ ಅಷ್ಟಕ್ಕೇ ಬಿಟ್ಟರೆ ಕೆಟ್ಟ ಗಾಳಿ ಒಳಗೇ ಉಳಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಉಳಿತಾಯಕ್ಕೆಂದು ಮನೆಗಳನ್ನು ಅವಸರದಲ್ಲಿ ಮುಚ್ಚಿದ ಉತ್ತರ ಅಮೆರಿಕ ಇದನ್ನು ಕಷ್ಟಪಟ್ಟು ಕಲಿಯಿತು. ಗೋಡೆಗೆ ತುಂಬಿದ ಒಂದು ಬಗೆಯ ನೊರೆಯಿಂದ ಫಾರ್ಮಾಲ್ಡಿಹೈಡ್ ಹೊಮ್ಮುತ್ತದೆಂದು 1980ರಲ್ಲಿ ಕೆನಡಾ ಅದನ್ನು ನಿಷೇಧಿಸಿತು. ಸರಿಯಾದ ದಾರಿ ತೋರಿಸಿದ್ದು ರೆಜೈನಾ ನಗರದಲ್ಲಿ 1977ರಲ್ಲಿ ಕಟ್ಟಿದ ಸಸ್ಕಾಚೆವಾನ್ ಕನ್ಸರ್ವೇಶನ್ ಹೌಸ್. ದಪ್ಪ ಗೋಡೆಯ, ಗಾಳಿ ಸೋರದ ಆ ಮನೆಗೆ ಫರ್ನೇಸೇ ಇರಲಿಲ್ಲ. ಹೊರಹೋಗುವ ಕೆಟ್ಟ ಗಾಳಿಯ ಕಾವನ್ನು ಒಳಬರುವ ಹೊಸ ಗಾಳಿಗೆ ದಾಟಿಸುವ ಯಂತ್ರ ಅದರಲ್ಲಿತ್ತು. ಎಚ್‌ಆರ್‌ವಿ ಎಂದು ಕರೆಯುವ ಆ ಯಂತ್ರ ಈಗ ಕೆನಡಾದ ಹೊಸ ಮನೆಗಳಲ್ಲಿ ಸಾಮಾನ್ಯ. ಅದರ ಫಿಲ್ಟರುಗಳನ್ನು ತೊಳೆಯುವುದು, ಹೊರಗೋಡೆಯ ಜಾಲರಿಗೆ ಕಟ್ಟಿದ ಎಲೆ, ಕಸಗಳನ್ನು ತೆಗೆಯುವುದು ಚಳಿಗೆ ಮುಂಚಿನ ಕೆಲಸಗಳ ಪಟ್ಟಿಯಲ್ಲಿರಬೇಕು. ಎಚ್‌ಆರ್‌ವಿ ಇಲ್ಲದವರಿಗೆ ಜರ್ಮನರ ರೂಢಿಯೇ ಒಳ್ಳೆಯದು: ದಿನಕ್ಕೆ ಎರಡು ಮೂರು ಸಲ ಎದುರುಬದುರು ಕಿಟಕಿಗಳನ್ನು ಐದು ನಿಮಿಷ ಪೂರ್ತಿ ತೆರೆದು ಮುಚ್ಚುವುದು. ಗಾಳಿ ಬದಲಾಗುತ್ತದೆ, ಗೋಡೆಗಳ ಕಾವು ಉಳಿದಿರುತ್ತದೆ.

ಅಡುಗೆಮನೆ, ದೇವರ ಮನೆ

ಕಿಟಕಿ ಮುಚ್ಚುವ ಹೊತ್ತಿಗೇ ದೀಪಾವಳಿ ಬರುತ್ತದೆ. ಕಜ್ಜಾಯ, ಚಕ್ಕುಲಿ ಕರಿಯುವುದು, ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗ ಏಳುವ ಘಾಟು, ಊದುಬತ್ತಿ, ಕರ್ಪೂರ ಎಲ್ಲವೂ ಮುಚ್ಚಿದ ಮನೆಯ ಗಾಳಿಗೆ ಸೂಕ್ಷ್ಮ ಕಣಗಳನ್ನು ಸೇರಿಸುತ್ತವೆ. ಗ್ಯಾಸ್ ಒಲೆಯಾದರೆ ನೈಟ್ರೋಜನ್ ಡೈಆಕ್ಸೈಡನ್ನೂ. ಆಸ್ತಮಾ ಇರುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಒಲೆಯ ಮೇಲಿನ ಹುಡ್ ಹೊಗೆಯನ್ನು ನಿಜಕ್ಕೂ ಹೊರಗೆ ಬಿಡುತ್ತದೆಯೇ ಎಂದು ಮೊದಲು ನೋಡಬೇಕು. ಅನೇಕ ಅಪಾರ್ಟ್‌ಮೆಂಟುಗಳ ಹುಡ್ ಜಿಡ್ಡನ್ನಷ್ಟೇ ಸೋಸಿ ಗಾಳಿಯನ್ನು ಮತ್ತೆ ಅಡುಗೆಮನೆಗೇ ಊದುತ್ತದೆ. ಹೊರಗೆ ಬಿಡುವ ಹುಡ್ ಇದ್ದರೂ ಹಿಂದಿನ ಬರ್ನರುಗಳ ಹೊಗೆಯನ್ನು ಅದು ಮುಂದಿನವಕ್ಕಿಂತ ಚೆನ್ನಾಗಿ ಎಳೆದುಕೊಳ್ಳುತ್ತದೆ. ಹಾಗಾಗಿ ಒಗ್ಗರಣೆ ಬಾಣಲೆಗೆ ಹಿಂದಿನ ಬರ್ನರೇ ಸರಿಯಾದ ಜಾಗ.

ಇಲ್ಲೊಂದು ಎಚ್ಚರಿಕೆ ಬೇಕು. ಬಿಗಿಯಾದ ಮನೆಯಲ್ಲಿ ಬಲವಾದ ಹುಡ್ ಓಡಿಸಿದರೆ ಒಳಗಿನ ಒತ್ತಡ ಕುಸಿದು, ಸಾಮಾನ್ಯ ಚಿಮಣಿಯಿರುವ ಹಳೆಯ ವಾಟರ್ ಹೀಟರಿನ ಹೊಗೆ ಹಿಂದಕ್ಕೆ ಮನೆಯೊಳಗೇ ಬರಬಹುದು. ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ತೆರೆದರೆ ಈ ಅಪಾಯ ತಗ್ಗುತ್ತದೆ.

20 ಡಿಗ್ರಿಯ ಮನೆಯಲ್ಲಿ ದೋಸೆ ಹಿಟ್ಟು ಸರಿಯಾಗಿ ಹುದುಗುವುದಿಲ್ಲ. ಅದಕ್ಕಾಗಿ ಮನೆಯನ್ನೇ ಕಾಯಿಸದೆ, ಓವನ್ ಹಚ್ಚದೆ ಅದರ ದೀಪ ಮಾತ್ರ ಉರಿಸಿ ಪಾತ್ರೆಯನ್ನು ಒಳಗಿಡುವ ಉಪಾಯ ಅಲ್ಲಿನ ಹಲವು ಕನ್ನಡ ಮನೆಗಳಲ್ಲಿ ಬಳಕೆಯಲ್ಲಿದೆ.

ರೇಡಾನ್

1984ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದ ಎಂಜಿನಿಯರೊಬ್ಬರು ಕೆಲಸಕ್ಕೆ ಬಂದಾಗಲೆಲ್ಲ ವಿಕಿರಣ ಪತ್ತೆಯಂತ್ರ ಕೂಗಿಕೊಳ್ಳುತ್ತಿತ್ತು. ಸ್ಥಾವರ ಇನ್ನೂ ವಿದ್ಯುತ್ ಉತ್ಪಾದಿಸುತ್ತಿರಲಿಲ್ಲ. ವಿಕಿರಣ ಬರುತ್ತಿದ್ದದ್ದು ಅವರ ಮನೆಯಿಂದ. ನೆಲದಡಿಯ ಯುರೇನಿಯಂ ಕ್ಷಯಿಸಿ ಹುಟ್ಟುವ ರೇಡಾನ್ ಅನಿಲ ಆ ಮನೆಯೊಳಗೆ ಸುರಕ್ಷಿತವೆನ್ನುವ ಮಟ್ಟದ ನೂರಾರು ಪಟ್ಟು ತುಂಬಿತ್ತು. ಅಮೆರಿಕ ಈ ಸಮಸ್ಯೆಗೆ ಕಣ್ಣು ತೆರೆದದ್ದು ಆಗಲೇ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಅಲ್ಲಿ ಎರಡನೆಯ ದೊಡ್ಡ ಕಾರಣ ರೇಡಾನ್. ವರ್ಷಕ್ಕೆ ಸುಮಾರು 21,000 ಸಾವುಗಳೆಂದು ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಚಳಿಗಾಲದಲ್ಲಿ ಕಿಟಕಿ ಮುಚ್ಚಿರುತ್ತದೆ, ಮೇಲೇರುವ ಬಿಸಿಗಾಳಿ ನೆಲದ ಬಿರುಕುಗಳಿಂದ ಮಣ್ಣಿನ ಅನಿಲವನ್ನು ಎಳೆಯುತ್ತದೆ. ಹಾಗಾಗಿ ಮಟ್ಟ ಏರುವುದೂ ಆಗಲೇ, ಪರೀಕ್ಷಿಸಲು ಸೂಕ್ತ ಕಾಲವೂ ಅದೇ. ಘನ ಮೀಟರಿಗೆ 200 ಬೆಕರೆಲ್ ಮೀರಿದರೆ ಕ್ರಮ ಕೈಗೊಳ್ಳಬೇಕೆಂದು ಕೆನಡಾ, 148 ಎಂದು ಅಮೆರಿಕ, 100 ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತವೆ. ಬೇಸ್‌ಮೆಂಟಿನಲ್ಲಿ ಮಕ್ಕಳ ಆಟದ ಕೋಣೆಯನ್ನೋ ಊರಿನಿಂದ ಬಂದವರ ಮಲಗುವ ಕೋಣೆಯನ್ನೋ ಮಾಡಿಕೊಂಡವರು ಮೂರು ತಿಂಗಳ ಪರೀಕ್ಷೆಯ ಕಿಟ್ ತಂದು ಇಡಲೇಬೇಕು. ಪರಿಹಾರ ಕಷ್ಟವೇನಲ್ಲ: ನೆಲದ ಕಾಂಕ್ರೀಟಿನಡಿ ಪೈಪು ಇಳಿಸಿ ಫ್ಯಾನಿನಿಂದ ಅನಿಲವನ್ನು ಹೊರಗೆ ಎಳೆಯುತ್ತಾರೆ.

ಇತರ ವ್ಯವಸ್ಥೆಗಳು

ನ್ಯೂಯಾರ್ಕ್ ನಗರದ ಹಳೆಯ ಕಟ್ಟಡಗಳಲ್ಲಿ ಹಬೆಯ ರೇಡಿಯೇಟರುಗಳಿವೆ. ಅಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಬಿಸಿ ಒದಗಿಸುವುದು ಮನೆ ಮಾಲೀಕರ ಕಾನೂನುಬದ್ಧ ಹೊಣೆ. ಹಗಲಿನಲ್ಲಿ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಒಳಗೆ 68 ಇರಬೇಕು. ಬಾಡಿಗೆದಾರರು ಇದನ್ನು ತಿಳಿದಿರಬೇಕು. ಬಿಸಿನೀರಿನ ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸಿಕ್ಕಿದೆ ಎಂದರ್ಥ. ಪಕ್ಕದ ಚಿಕ್ಕ ವಾಲ್ವನ್ನು ಕೀಲಿಯಿಂದ ತಿರುಗಿಸಿದರೆ ಗಾಳಿ ಬುಸ್ಸೆಂದು ಹೊರಟು ಕೊನೆಗೆ ನೀರು ಚಿಮ್ಮುತ್ತದೆ, ಆಗ ಮುಚ್ಚಬೇಕು. ಹೀಟ್ ಪಂಪುಗಳು ಹೊರಗಿನ ಚಳಿಗಾಳಿಯಿಂದಲೇ ಕಾವು ಹೀರಿ ತರುತ್ತವೆ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಅವು ವ್ಯಾಪಕವಾಗಿ ಬಳಕೆಯಲ್ಲಿವೆ. ಹೊರಗಿನ ಘಟಕ ಹಿಮದ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಸೌದೆ ಒಲೆಯಿದ್ದರೆ ಶೇ. 20ಕ್ಕಿಂತ ಕಡಿಮೆ ತೇವದ, ಚೆನ್ನಾಗಿ ಒಣಗಿದ ಸೌದೆಯನ್ನೇ ಉರಿಸಬೇಕು. ಹಸಿ ಸೌದೆಯ ಹೊಗೆ ಚಿಮಣಿಯ ಒಳಗೆ ಡಾಂಬರಿನಂತೆ ಅಂಟಿಕೊಂಡು ಮುಂದೆಂದೋ ಹೊತ್ತಿಕೊಳ್ಳುತ್ತದೆ.

ಊರಿಗೆ ಹೊರಟಾಗ

ಡಿಸೆಂಬರಿನ ರಜೆಯಲ್ಲಿ ಮೂರು ನಾಲ್ಕು ವಾರ ಕರ್ನಾಟಕಕ್ಕೆ ಬರುವ ಕುಟುಂಬಗಳು ಸಾವಿರಾರು. ಹಣ ಉಳಿಯಲೆಂದು ಫರ್ನೇಸನ್ನು ಪೂರ್ತಿ ಆರಿಸಿ ಬಂದರೆ ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆದು, ಹಿಂತಿರುಗುವ ಹೊತ್ತಿಗೆ ಮನೆ ನೀರುಪಾಲಾಗಿರುತ್ತದೆ. ಥರ್ಮೋಸ್ಟಾಟನ್ನು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಸಬಾರದು. ನೀರಿನ ಮುಖ್ಯ ವಾಲ್ವನ್ನು ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪು ಬರಿದುಮಾಡಿ, ಹ್ಯೂಮಿಡಿಫೈಯರ್ ನಿಲ್ಲಿಸಿ, ಹೊಸ ಫಿಲ್ಟರ್ ಹಾಕಿ ಹೊರಡಬೇಕು. ನೆರೆಯವರೊಬ್ಬರ ಕೈಗೆ ಕೀಲಿ ಕೊಟ್ಟು, ಮನೆಯೊಳಗೆ ಬಿಸಿಯಿದೆಯೇ, ಗೋಡೆಯ ಕೊಳವೆಗಳ ಬಾಯಿ ಹಿಮದಲ್ಲಿ ಮುಚ್ಚಿಲ್ಲವೇ ಎಂದು ಆಗಾಗ ನೋಡಲು ಹೇಳಬೇಕು. ಕೆನಡಾದ ಹಲವು ವಿಮಾ ಪಾಲಿಸಿಗಳಲ್ಲಿ ಖಾಲಿ ಮನೆಯನ್ನು ಯಾರಾದರೂ ನಿಯಮಿತವಾಗಿ ಬಂದು ನೋಡಬೇಕೆಂಬ ಷರತ್ತೇ ಇರುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಬೇಸ್‌ಮೆಂಟಿನ ನೆಲದ ಮೋರಿಗೆ ಒಂದು ಬಕೆಟ್ ನೀರು ಸುರಿದು ಹೋಗುವುದನ್ನೂ ಮರೆಯಬಾರದು. ಅದರ ಬಾಗಿದ ಪೈಪಿನಲ್ಲಿ ನಿಂತ ನೀರು ಚಳಿಗಾಲದ ಒಣಗಾಳಿಗೆ ಆರಿಹೋದರೆ ಚರಂಡಿಯ ದುರ್ವಾಸನೆ ನೇರವಾಗಿ ಮನೆಯೊಳಗೆ ಬರುತ್ತದೆ.